ಒಂದು ಪರವಾನಗಿ, ಹಲವು ಗಣಕಗಳು: ೧೯೭೬ರ ಬಹಿರಂಗ ಪತ್ರವೊಂದರ ವಿಮರ್ಶೆ

೧

ಒಂದು ಕಂಪ್ಯೂಟರಿಗೆಂದು ಪರವಾನಗಿ ಪಡೆದು ಕೊಂಡುತಂದ ತಂತ್ರಾಂಶವನ್ನು ಹಲವು ಕಂಪ್ಯೂಟರುಗಳಲ್ಲಿ ಸ್ಥಾಪಿಸುವುದು ನ್ಯಾಯವೆ, ಅನ್ಯಾಯವೆ? ಈ ಪ್ರಶ್ನೆ ನಮ್ಮ ಕಾಲೇಜುಗಳಲ್ಲಿ ಬಾಯಿಬಿಟ್ಟು ಚರ್ಚೆಗೆ ಬರುವುದು ಅಪರೂಪ. ಆಚರಣೆಯಲ್ಲಿ ಅದಕ್ಕೆ ಉತ್ತರ ದೊರೆತುಹೋಗಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ. ಸಾಮಗ್ರಿಗೆಂದು ಮಂಜೂರಾದ ಹಣದಲ್ಲಿ ಯಂತ್ರಗಳನ್ನು ಕೊಂಡಾಗ, ಅವುಗಳೊಳಗೆ ಹಾಕಬೇಕಾದ ತಂತ್ರಾಂಶಕ್ಕೆ ಹಣ ಉಳಿದಿರುವುದಿಲ್ಲ. ಒಂದು ಪ್ರತಿಯನ್ನು ಕೊಂಡು ಉಳಿದವುಗಳಿಗೂ ಅದನ್ನೇ ಹಾಕಿಬಿಡುತ್ತಾರೆ. ಹಾಗೆ ಮಾಡುವವರು ಕಳ್ಳರಲ್ಲ. ಸಂಸ್ಥೆಯ ಹಣವನ್ನು ಒಂದು ರೂಪಾಯಿಯೂ ಪೋಲಾಗದಂತೆ ಕಾಯುವ ಪ್ರಾಮಾಣಿಕರು. ಪ್ರಶ್ನೆ ವಿಚಾರಾರ್ಹವಾಗುವುದು ಇಲ್ಲಿಯೇ. ಪ್ರಾಮಾಣಿಕರಾದವರು ನಿಶ್ಚಿಂತೆಯಿಂದ ಮಾಡುವ ಒಂದು ಕೆಲಸವನ್ನು ಕಾನೂನು ಅಪರಾಧವೆಂದು ಕರೆಯುತ್ತಿರುವಲ್ಲಿ, ಕಾನೂನು ತಪ್ಪಿರಬೇಕು, ಇಲ್ಲವೆ ಪ್ರಾಮಾಣಿಕರು ಏನನ್ನೋ ಕಾಣದೆ ಹೋಗಿರಬೇಕು.

ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಈ ವಿವಾದಕ್ಕೆ ಒಂದು ಮೂಲ ದಾಖಲೆಯಿದೆ. ೧೯೭೬ನೆಯ ಇಸವಿ ಫೆಬ್ರವರಿ ೩ರ ದಿನಾಂಕವನ್ನು ಹೊತ್ತ, ಹವ್ಯಾಸಿಗಳನ್ನು ಉದ್ದೇಶಿಸಿ ಬಿಲ್ ಗೇಟ್ಸ್ ಬರೆದ ಬಹಿರಂಗ ಪತ್ರವೇ ಅದು. ತಂತ್ರಾಂಶವನ್ನು ಹಣ ಕೊಡದೆ ಪ್ರತಿ ಮಾಡಿಕೊಳ್ಳುವುದು ಕಳ್ಳತನವೆಂಬ ಮಾತು ಸಾಮಾನ್ಯ ಬಳಕೆದಾರರ ಮುಂದೆ ಅಷ್ಟು ನೇರವಾಗಿ ಬಂದುದು ಇಲ್ಲಿಂದಲೇ ಎನ್ನಬಹುದು. ಪತ್ರವನ್ನು ಹೊಗಳುವವರೂ ತೆಗಳುವವರೂ ಹೇರಳವಾಗಿದ್ದಾರೆ. ಆದರೆ ಒಂದು ಶಾಸನವನ್ನೋ ಕೈಫಿಯತ್ತನ್ನೋ ಪರೀಕ್ಷಿಸುವ ಕ್ರಮದಲ್ಲಿ, ಬರೆದವರಾರು, ಯಾವ ಸಂದರ್ಭದಲ್ಲಿ, ಯಾವ ಆಧಾರದ ಮೇಲೆ, ಯಾವುದನ್ನು ಬಿಟ್ಟು ಎಂದು ಕೇಳುತ್ತ ಅದನ್ನು ಓದುವುದು ಉಪಯುಕ್ತ. ಪ್ರಸ್ತುತ ಲೇಖನದ ಉದ್ದೇಶ ಅಷ್ಟೆ. ಕಡೆಯಲ್ಲಿ ನಮ್ಮ ಮನೆಯ ಮಾತನ್ನೂ ಆಡದೆ ವಿಧಿಯಿಲ್ಲ.

೨

ಮೊದಲು ಸಂದರ್ಭ. ತಂತ್ರಾಂಶವೆಂಬುದು ಬೇರೆಯಾಗಿ ಬೆಲೆಯುಳ್ಳ ಸರಕು ಎಂಬ ಭಾವನೆ ಬಹಳ ಹಳೆಯದಲ್ಲ. ೧೯೬೦ರ ದಶಕದ ಕೊನೆಯವರೆಗೆ ಗಣಕ ತಯಾರಿಸುವ ಸಂಸ್ಥೆಗಳು ಯಂತ್ರದೊಡನೆಯೇ ಅದರ ಕ್ರಮವಿಧಿಗಳನ್ನು ಕೊಡುತ್ತಿದ್ದುದು ವಾಡಿಕೆ. ಅವುಗಳ ವೆಚ್ಚ ಯಂತ್ರದ ಬಾಡಿಗೆಯಲ್ಲಿ ಅಡಗಿರುತ್ತಿತ್ತು. ೧೯೬೯ರ ಜೂನ್ ೨೩ರಂದು ಐ.ಬಿ.ಎಂ. ಸಂಸ್ಥೆ ತಾನಿನ್ನು ತಂತ್ರಾಂಶಕ್ಕೂ ಸೇವೆಗೂ ಪ್ರತ್ಯೇಕ ಬೆಲೆ ಹಾಕುವುದಾಗಿ ಸಾರಿತು. ಅಲ್ಲಿಂದ ಏಳು ವರ್ಷ ತುಂಬುವ ಮೊದಲೇ ನಮ್ಮ ಪತ್ರ ಹೊರಬಿದ್ದಿತು. ಪತ್ರದ ಓದುಗರು ಮುರಿದರೆಂದು ಆಪಾದಿತವಾದ ನಿಯಮ ಆಗಿನ್ನೂ ಎಳೆಯದು ಎಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯದಾಗಿ ಯಂತ್ರ. ೧೯೭೫ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಸಂಚಿಕೆ ಆಲ್ಟೇರ್ ೮೮೦೦ ಎಂಬ ಗಣಕವನ್ನು ಪರಿಚಯಿಸಿತು. ಆಲ್ಬುಕರ್ಕಿಯ ಎಂ.ಐ.ಟಿ.ಎಸ್. ಎಂಬ ಸಣ್ಣ ಸಂಸ್ಥೆ ಅದರ ಬಿಡಿಭಾಗಗಳನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ಕೊಂಡವನು ತಾನೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಾಗಿತ್ತು. ಮೂಲ ಯಂತ್ರಕ್ಕಿದ್ದ ಸ್ಮೃತಿ ೨೫೬ ಬೈಟುಗಳು ಮಾತ್ರ. ಇಂಥ ಯಂತ್ರದಿಂದ ಉಪಯೋಗ ಪಡೆಯಬೇಕಾದರೆ ಒಂದು ಭಾಷೆ ಬೇಕು. ಗೇಟ್ಸ್ ಮತ್ತು ಪಾಲ್ ಆಲೆನ್, ಮಾಂಟಿ ಡೇವಿಡಾಫ್ ಎಂಬುವರ ನೆರವಿನಿಂದ, ಆಲ್ಟೇರಿಗೆ ಹೊಂದುವ ಬೇಸಿಕ್ ಅನುವಾದಕವನ್ನು ಬರೆದುಕೊಟ್ಟರು. ಕೌಶಲದ ದೃಷ್ಟಿಯಿಂದ ಅದು ಅಸಾಧಾರಣ ಕೃತಿ. ಕೇವಲ ೪ ಕಿಲೋಬೈಟು ಸ್ಮೃತಿಯಲ್ಲಿ ಒಂದು ಭಾಷೆಯನ್ನು ಅಡಕಮಾಡಿದುದನ್ನು ಅವರ ವಿರೋಧಿಗಳೂ ಮೆಚ್ಚಿದ್ದಾರೆ.

ಈ ಕೃತಿ ರಂಧ್ರ ಕೊರೆದ ಕಾಗದದ ಸುರುಳಿಯ ರೂಪದಲ್ಲಿತ್ತು. ೧೯೭೫ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಎಂ.ಐ.ಟಿ.ಎಸ್. ಏರ್ಪಡಿಸಿದ್ದ ಪ್ರದರ್ಶನದಿಂದ ಅಂಥದೊಂದು ಸುರುಳಿ ಕೈಜಾರಿತು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರೊಬ್ಬರು ಅದರ ಹತ್ತಾರು ಪ್ರತಿಗಳನ್ನು ತೆಗೆದು ಸಭೆಯಲ್ಲಿ ಹಂಚಿದರು. ಒಂದನ್ನು ಒಯ್ದವನು ಮುಂದಿನ ಸಭೆಗೆ ಎರಡನ್ನು ತರಬೇಕೆಂಬುದೇ ಅಲ್ಲಿನ ಕರಾರು. ಹಣ ಕೈಬದಲಾಗಲಿಲ್ಲ, ಒಂದು ಪ್ರತಿ ಅನೇಕ ಯಂತ್ರಗಳಿಗೆ ಹೋಯಿತು. ಇಂದು ನಮ್ಮ ಗಣಕ ಕೊಠಡಿಗಳಲ್ಲಿ ನಡೆಯುವುದೂ ತತ್ತ್ವತಃ ಇದೇ.

೩

ಇನ್ನು ಪತ್ರದ ಒಡಲು. ಅದರ ವಾದವನ್ನು ಸಂಗ್ರಹಿಸಿ ಹೇಳುವುದಾದರೆ ಹೀಗಿದೆ. ಬೇಸಿಕ್ಕಿನ ಮೊದಲ ರೂಪಕ್ಕೆ ಎರಡು ತಿಂಗಳು ಹಿಡಿಯಿತು. ಅದನ್ನು ತಿದ್ದಿ, ಬೆಳೆಸಿ, ಕೈಪಿಡಿ ಬರೆಯುವುದರಲ್ಲಿ ಮೂವರಿಗೆ ವರ್ಷದ ಬಹುಭಾಗ ಸಂದಿತು. ಬಳಸಿದ ಗಣಕಕಾಲದ ಬೆಲೆಯೇ ೪೦,೦೦೦ ಡಾಲರುಗಳನ್ನು ಮೀರುತ್ತದೆ. ಬಳಸುವವರೆಲ್ಲರೂ ಮೆಚ್ಚಿ ಬರೆಯುತ್ತಾರೆ, ಆದರೆ ಅವರಲ್ಲಿ ಹೆಚ್ಚಿನವರು ಕೊಂಡವರಲ್ಲ. ಆಲ್ಟೇರ್ ಹೊಂದಿದವರ ಪೈಕಿ ಬೇಸಿಕ್ ಕೊಂಡವರು ನೂರಕ್ಕೆ ೧೦ಕ್ಕಿಂತ ಕಡಮೆ. ಬಂದ ರಾಯಧನವನ್ನು ದುಡಿದ ಗಂಟೆಗಳಿಗೆ ಹಂಚಿದರೆ ಗಂಟೆಗೆ ೨ ಡಾಲರೂ ಬೀಳುವುದಿಲ್ಲ. ಯಂತ್ರಕ್ಕೆ ಹಣ ಕೊಡಬೇಕು, ತಂತ್ರಾಂಶವನ್ನು ಮಾತ್ರ ಹಂಚಿಕೊಳ್ಳಬೇಕು ಎಂದು ನೀವು ತಿಳಿದಿದ್ದೀರಿ, ಇದು ಕಳ್ಳತನ. ಇದರ ಫಲವೇನೆಂದರೆ ಒಳ್ಳೆಯ ತಂತ್ರಾಂಶ ಹುಟ್ಟುವುದೇ ನಿಂತುಹೋಗುತ್ತದೆ, ಏಕೆಂದರೆ ವೃತ್ತಿಯೋಗ್ಯವಾದ ಕೆಲಸವನ್ನು ಪುಕ್ಕಟೆ ಮಾಡಿಕೊಡಬಲ್ಲವರು ಯಾರೂ ಇಲ್ಲ.

ಆಧಾರಗಳನ್ನು ಒಂದೊಂದಾಗಿ ನೋಡೋಣ. ಬಳಸುವವರಲ್ಲಿ ಹೆಚ್ಚಿನವರು ಕೊಂಡಿಲ್ಲವೆಂಬುದು ಒಂದು ಹೇಳಿಕೆ. ಆಲ್ಟೇರ್ ಹೊಂದಿದವರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಮೆ ಜನ ಕೊಂಡಿದ್ದಾರೆಂಬುದು ಇನ್ನೊಂದು. ಪತ್ರದಲ್ಲಿ ಎರಡನೆಯದು ಮೊದಲನೆಯದಕ್ಕೆ ಸಾಕ್ಷಿಯೆಂಬಂತೆ ಬಂದಿದೆ. ಆದರೆ ಯಂತ್ರವಿದ್ದ ಮಾತ್ರಕ್ಕೆ ಬೇಸಿಕ್ ಬಳಸಲಾಗುತ್ತಿರಲಿಲ್ಲ. ೨೫೬ ಬೈಟಿನ ಮೂಲ ಯಂತ್ರದಲ್ಲಿ ೪ ಕಿಲೋಬೈಟಿನ ಬೇಸಿಕ್ ನಡೆಯುವುದು ಅಶಕ್ಯ. ಹೆಚ್ಚಿನ ಸ್ಮೃತಿಫಲಕವನ್ನು ಕೊಂಡವನಿಗೆ ಮಾತ್ರ ಅದು ದಕ್ಕುತ್ತಿತ್ತು. ಆದಕಾರಣ ಕೊಳ್ಳದವರನ್ನೆಲ್ಲ ಪ್ರತಿ ಮಾಡಿಕೊಂಡವರೆಂದು ಎಣಿಸುವಂತಿಲ್ಲ. ಪ್ರತಿಗಳು ಹರಡಿದ್ದು ನಿಜ. ಎಷ್ಟು ಎಂಬುದಕ್ಕೆ ಈ ಅಂಕಿ ಪ್ರಮಾಣವಾಗಲಾರದು. ಕೊಳ್ಳದವರನ್ನೆಲ್ಲ ಕದ್ದವರೆಂದೂ ಕದ್ದವರೆಲ್ಲ ಬೇರೆ ದಾರಿಯಿಲ್ಲದಿದ್ದರೆ ಕೊಳ್ಳುತ್ತಿದ್ದರೆಂದೂ ಎಣಿಸಿ ನಷ್ಟ ಹೇಳುವ ಕ್ರಮವನ್ನು ನಾವು ಇಂದಿಗೂ ಕಾಣುತ್ತೇವೆ. ಆ ದೋಷದ ಒಂದು ಮೊದಲ ಮಾದರಿ ಈ ಪತ್ರದಲ್ಲಿದೆ.

೪೦,೦೦೦ ಡಾಲರಿನ ಗಣಕಕಾಲದ ಮಾತು ಇನ್ನೂ ತೊಡಕಿನದು. ಬೇಸಿಕ್ಕಿನ ಮೊದಲ ರೂಪ ಸಿದ್ಧವಾದದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಿ.ಡಿ.ಪಿ.-೧೦ ಯಂತ್ರದಲ್ಲಿ, ಆ ಯಂತ್ರಕ್ಕೆ ಹಣ ಒದಗಿಸಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ವಿಭಾಗ. ಪತ್ರ ಗಣಕಕಾಲದ ಬೆಲೆಯನ್ನು ಹೇಳುತ್ತದೆಯೇ ಹೊರತು ಅದನ್ನು ಯಾರು ತೆತ್ತರೆಂಬುದನ್ನು ಹೇಳುವುದಿಲ್ಲ. ಬೇಸಿಕ್ ಭಾಷೆಯಾದರೂ ಲೇಖಕರು ಸೃಷ್ಟಿಸಿದ್ದಲ್ಲ. ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು, ವಿಜ್ಞಾನದ ವಿದ್ಯಾರ್ಥಿಗಳಲ್ಲದವರೂ ಗಣಕವನ್ನು ಬಳಸುವಂತಾಗಲೆಂದು, ೧೯೬೪ರಲ್ಲಿ ಅದನ್ನು ರೂಪಿಸಿದ್ದರು. ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಅಳವಡಿಸಿಕೊಳ್ಳುವಂತೆ ಅದು ಲೋಕಕ್ಕೆ ತೆರೆದಿತ್ತು. ಹಂಚಿಕೊಂಡ ವಿದ್ಯೆಯ ಮೇಲೆ ನಿಂತು ಹಂಚಿಕೊಳ್ಳುವವರನ್ನು ದೂಷಿಸಿದಂತಾಯಿತಲ್ಲವೆ ಎಂದು ಅಂದಿನ ಹವ್ಯಾಸಿಗಳಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಬೆಲೆಯ ವಿಷಯದಲ್ಲಿಯೂ ಪತ್ರ ಮೌನವಾಗಿದೆ. ಎಂ.ಐ.ಟಿ.ಎಸ್. ತನ್ನ ಸ್ಮೃತಿಫಲಕಗಳನ್ನು ಕೊಂಡವರಿಗೆ ಬೇಸಿಕ್ಕನ್ನು ಕಡಮೆ ಬೆಲೆಗೂ, ಬೇಸಿಕ್ಕನ್ನು ಮಾತ್ರ ಬಯಸಿದವರಿಗೆ ಬಹು ಹೆಚ್ಚಿನ ಬೆಲೆಗೂ ಮಾರುತ್ತಿತ್ತು. ಆ ಫಲಕಗಳೋ ಕೆಡುವುದಕ್ಕೆ ಹೆಸರಾಗಿದ್ದವು. ಹವ್ಯಾಸಿಗಳ ಅಸಮಾಧಾನಕ್ಕೆ ಇದೊಂದು ಮುಖ್ಯ ಕಾರಣ. ತಂತ್ರಾಂಶವನ್ನು ಕದ್ದು ಎಂ.ಐ.ಟಿ.ಎಸ್. ಮೇಲೆ ಸೇಡು ತೀರಿಸಿಕೊಂಡಂತೆ ಆಗುವುದಿಲ್ಲವೆಂದು ಪತ್ರ ಹೇಳುವುದನ್ನು ನೋಡಿದರೆ, ಬರೆದವರಿಗೆ ಈ ದೂರು ತಿಳಿದೇ ಇತ್ತೆಂಬುದು ವ್ಯಕ್ತವಾಗುತ್ತದೆ.

ಇಷ್ಟು ದೋಷಗಳನ್ನು ಎಣಿಸಿದ ಮೇಲೂ ಪತ್ರದಲ್ಲಿ ಒಂದು ಮಾತು ಗಟ್ಟಿಯಾಗಿ ಉಳಿಯುತ್ತದೆ. ದುಡಿದವನು ಬದುಕುವುದು ಹೇಗೆ? ಅಂಕಿಗಳು ಸಡಿಲವಾಗಿರಬಹುದು, ಯಂತ್ರ ಸಾರ್ವಜನಿಕರದಾಗಿರಬಹುದು. ಆದರೆ ಮೂವರು ಯುವಕರ ವರ್ಷದ ದುಡಿಮೆ ಅವರದೇ. ಅದರ ಫಲವನ್ನು ಮೆಚ್ಚಿ ಬಳಸುತ್ತ, ಕೇಳಿದ ಬೆಲೆಯನ್ನು ಕೊಡದೆ, ಕೊಡದಿರುವುದನ್ನೇ ಸ್ನೇಹಧರ್ಮವೆಂದು ಕರೆದುಕೊಂಡರೆ, ಆ ಸ್ನೇಹದ ವೆಚ್ಚವನ್ನು ಮೂರನೆಯವನೊಬ್ಬ ಹೊತ್ತಂತಾಯಿತು. ಪತ್ರವನ್ನು ಟೀಕಿಸಿದವರಲ್ಲಿ ಬಹುಮಂದಿ ಈ ಪ್ರಶ್ನೆಯನ್ನು ದಾಟಿಹೋಗಿದ್ದಾರೆ.

೪

ಪತ್ರದ ಭವಿಷ್ಯವಾಣಿಯನ್ನು ಇತಿಹಾಸ ಪರೀಕ್ಷೆಗೆ ಒಡ್ಡಿತು. ಪ್ರತಿ ಮಾಡುವುದು ನಿಲ್ಲಲಿಲ್ಲ. ತಂತ್ರಾಂಶದ ಹುಟ್ಟೂ ನಿಲ್ಲಲಿಲ್ಲ. ಪತ್ರ ಬರೆದವರ ಸಂಸ್ಥೆಯೇ ಲೋಕದ ಅತಿ ಶ್ರೀಮಂತ ಸಂಸ್ಥೆಗಳಲ್ಲಿ ಒಂದಾಯಿತು. ಹಣವಿಲ್ಲದೆ ಹರಡಿದ ಪ್ರತಿಗಳೇ ಆ ಬೇಸಿಕ್ಕನ್ನು ಸಣ್ಣ ಗಣಕಗಳ ಸಾಮಾನ್ಯ ಭಾಷೆಯನ್ನಾಗಿ ಮಾಡಿದವೆಂದು ಹೇಳುವವರೂ ಇದ್ದಾರೆ.

ಇದಕ್ಕಿಂತ ಗಮನಾರ್ಹವಾದದ್ದು ಅದೇ ಲೇಖಕರು ೨೨ ವರ್ಷಗಳ ತರುವಾಯ ಆಡಿದ ಮಾತು. ೧೯೯೮ರಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೊಡನೆ ಸಂವಾದ ನಡೆಸುತ್ತಿದ್ದಾಗ ಗೇಟ್ಸ್ ಚೀನ ದೇಶದ ಪ್ರಸ್ತಾಪವನ್ನೆತ್ತಿ, ಅಲ್ಲಿನ ಜನ ತಂತ್ರಾಂಶಕ್ಕೆ ಹಣ ಕೊಡದಿದ್ದರೂ ಮುಂದೊಂದು ದಿನ ಕೊಟ್ಟಾರು, ಹೇಗೂ ಕದಿಯುವುದಾದರೆ ನಮ್ಮದನ್ನೇ ಕದಿಯಲಿ, ಅದಕ್ಕೆ ಒಗ್ಗಿಹೋದ ಮೇಲೆ ಹಣ ಪಡೆಯುವ ಬಗೆಯನ್ನು ಕಂಡುಕೊಳ್ಳೋಣ ಎಂಬರ್ಥದ ಮಾತನ್ನಾಡಿದರು. ೧೯೭೬ರಲ್ಲಿ ಕಳ್ಳತನ ಸೃಷ್ಟಿಗೆ ಮಾರಕ. ೧೯೯೮ರಲ್ಲಿ ಅದೇ ಕಳ್ಳತನ ಮಾರುಕಟ್ಟೆಯ ಬಿತ್ತನೆ. ಎರಡು ಮಾತುಗಳೂ ಅವರವರ ಸ್ಥಿತಿಗೆ ತಕ್ಕವು. ಗಂಟೆಗೆ ೨ ಡಾಲರೂ ಸಿಗದ ಯುವಕನಿಗೆ ಒಂದೊಂದು ಪ್ರತಿಯೂ ಅನ್ನದ ಪ್ರಶ್ನೆಯಾಗಿತ್ತು. ಬೆಳೆದು ನಿಂತ ಸಂಸ್ಥೆಯ ಯಜಮಾನನಿಗೆ ಲಕ್ಷಾಂತರ ಪ್ರತಿಗಳು ಪ್ರಚಾರದ ವೆಚ್ಚವಾದವು. ಇದರಿಂದ ನಾವು ಕಲಿಯಬೇಕಾದುದು ಒಂದಿದೆ. ಅನುಮತಿಯಿಲ್ಲದ ಪ್ರತಿಯ ಪೆಟ್ಟು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ದೊಡ್ಡವನು ಅದನ್ನು ತಾಳಿಕೊಳ್ಳಬಲ್ಲ, ಬಳಸಿಕೊಳ್ಳಲೂ ಬಲ್ಲ. ಸಣ್ಣವನು ಅದರಡಿಯಲ್ಲಿ ಹೂತುಹೋಗುತ್ತಾನೆ.

೫

ಪತ್ರಕ್ಕೆ ಬಂದ ಉತ್ತರಗಳಲ್ಲಿ ಮೂರು ಬಗೆ. ಮೊದಲನೆಯದು, ಕದಿಯುವುದರ ಬದಲು ತಾವೇ ಬರೆದು ಹಂಚುವುದು. ೧೯೭೬ರಲ್ಲಿಯೇ ಹವ್ಯಾಸಿಗಳು 'ಟೈನಿ ಬೇಸಿಕ್' ಎಂಬ ಚಿಕ್ಕ ರೂಪಗಳನ್ನು ಬರೆದು, ಅವುಗಳ ಪಾಠವನ್ನು ಪತ್ರಿಕೆಗಳಲ್ಲಿ ಪೂರ್ತಿಯಾಗಿ ಅಚ್ಚುಹಾಕಿಸಿದರು. ಲೀ-ಚೆನ್ ವಾಂಗ್ ಎಂಬುವರ ಕೃತಿಯ ತಲೆಯಲ್ಲಿ ಕೃತಿಸ್ವಾಮ್ಯದ ಸೂಚನೆಯನ್ನೇ ತಿರುಚಿ ಮಾಡಿದ ವಿನೋದವೊಂದಿತ್ತು. ನೈತಿಕವಾಗಿ ಇದು ಅತ್ಯಂತ ಶುದ್ಧವಾದ ಉತ್ತರವೆಂದು ನನ್ನ ಅಭಿಪ್ರಾಯ. ಬೆಲೆ ಹೆಚ್ಚೆನ್ನುವವನು ಬೇರೆಯದನ್ನು ಮಾಡಿ ತೋರಿಸಿದ.

ಎರಡನೆಯದು ರಿಚರ್ಡ್ ಸ್ಟಾಲ್ಮನ್ನರದು. ೧೯೮೫ರ ಮಾರ್ಚಿಯಲ್ಲಿ ಪ್ರಕಟವಾದ 'ಗ್ನೂ' ಘೋಷಣೆಯಲ್ಲಿ ಅವರು, ತನಗೆ ಹಿಡಿಸಿದ ಕ್ರಮವಿಧಿಯನ್ನು ಹಿಡಿಸಿದ ಇತರರೊಡನೆ ಹಂಚಿಕೊಳ್ಳುವುದು ಕರ್ತವ್ಯವೆಂದೂ, ಹಂಚಿಕೊಳ್ಳಬಾರದೆಂಬ ಕರಾರಿಗೆ ಸಹಿ ಹಾಕುವುದು ನೆರೆಯವರನ್ನು ಒಡೆದಾಳುವವರಿಗೆ ಕೈಕೊಟ್ಟಂತೆ ಎಂದೂ ವಾದಿಸಿದರು. ಈ ವಾದವನ್ನು ನಮ್ಮಲ್ಲಿ ಅನೇಕರು ತಪ್ಪಾಗಿ ಉಪಯೋಗಿಸುತ್ತಾರೆ. ಸ್ಟಾಲ್ಮನ್ ಕರಾರಿಗೆ ಸಹಿ ಹಾಕಿ ಅನಂತರ ಮುರಿಯಿರಿ ಎಂದು ಉಪದೇಶಿಸಿದವರಲ್ಲ. ಅಂಥ ತಂತ್ರಾಂಶವನ್ನೇ ಮುಟ್ಟದೆ, ಹಂಚಲು ಬರುವಂಥದನ್ನು ಕಟ್ಟುವುದಕ್ಕೆ ತೊಡಗಿದವರು. ಆ ಶ್ರಮದ ಫಲ ಇಂದು ಎಲ್ಲರ ಕಣ್ಣಮುಂದಿದೆ. ವೃತ್ತಿಯೋಗ್ಯ ಕೆಲಸವನ್ನು ಪುಕ್ಕಟೆ ಯಾರು ಮಾಡಿಯಾರೆಂಬ ೧೯೭೬ರ ಪ್ರಶ್ನೆಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಹಣ ತೆತ್ತು ಪಡೆಯಬೇಕಾದ ತಂತ್ರಾಂಶದ ಒಂದು ಪ್ರತಿಯನ್ನು ಇಪ್ಪತ್ತು ಕಡೆ ಹಾಕಿ ಸ್ಟಾಲ್ಮನ್ನರ ಹೆಸರು ಹೇಳುವುದು, ಉಪವಾಸದ ಪುಣ್ಯವನ್ನು ಊಟ ಮಾಡುತ್ತ ಬಯಸಿದಂತೆ.

ಮೂರನೆಯದು ನಡುದಾರಿ. ೧೯೮೦ರ ದಶಕದಲ್ಲಿ ಟರ್ಬೊ ಪ್ಯಾಸ್ಕಲ್ ಮಾರುತ್ತಿದ್ದ ಬೋರ್ಲೆಂಡ್ ಸಂಸ್ಥೆ ತನ್ನ ಪರವಾನಗಿಯಲ್ಲಿ ಒಂದು ಸರಳ ಸೂತ್ರವನ್ನಿಟ್ಟಿತು. ಈ ತಂತ್ರಾಂಶವನ್ನು ಪುಸ್ತಕದಂತೆ ನಡೆಸಿಕೊಳ್ಳಿ. ಎಷ್ಟು ಜನ ಬೇಕಾದರೂ ಬಳಸಲಿ, ಯಾವ ಯಂತ್ರಕ್ಕೆ ಬೇಕಾದರೂ ಒಯ್ಯಲಿ. ಆದರೆ ಒಂದು ಪುಸ್ತಕವನ್ನು ಇಬ್ಬರು ಎರಡು ಸ್ಥಳಗಳಲ್ಲಿ ಏಕಕಾಲಕ್ಕೆ ಓದಲಾಗದಂತೆ, ಇದನ್ನೂ ಏಕಕಾಲಕ್ಕೆ ಎರಡು ಕಡೆ ಬಳಸುವ ಅವಕಾಶವಿರಬಾರದು ಎಂಬುದು ಅದರ ತಾತ್ಪರ್ಯ. ಈ ಸೂತ್ರದ ಗುಣವೇನೆಂದರೆ ಅದು ಯಂತ್ರಗಳನ್ನು ಎಣಿಸುವುದಿಲ್ಲ, ಬಳಕೆಯನ್ನು ಎಣಿಸುತ್ತದೆ. ಕಾಲೇಜಿನ ಕೊಠಡಿಯಲ್ಲೊಂದು, ಮನೆಯಲ್ಲೊಂದು ಯಂತ್ರವಿಟ್ಟುಕೊಂಡ ಅಧ್ಯಾಪಕನು ಎರಡರಲ್ಲಿಯೂ ಒಂದೇ ತಂತ್ರಾಂಶವನ್ನು ಸ್ಥಾಪಿಸಿದರೆ ಓದುವವನು ಒಬ್ಬನೇ. ಇಪ್ಪತ್ತು ವಿದ್ಯಾರ್ಥಿಗಳು ಇಪ್ಪತ್ತು ಯಂತ್ರಗಳಲ್ಲಿ ಏಕಕಾಲಕ್ಕೆ ಕುಳಿತರೆ ಓದುವವರು ಇಪ್ಪತ್ತು ಮಂದಿ. ಹಲವು ಗಣಕಗಳಲ್ಲಿ ಸ್ಥಾಪಿಸುವುದು ಎಂಬ ಒಂದೇ ಮಾತಿನಲ್ಲಿ ಈ ಎರಡು ಬೇರೆಬೇರೆ ಕೃತ್ಯಗಳು ಅಡಗಿವೆ. ಚರ್ಚೆ ಗೋಜಲಾಗುವುದು ಇವನ್ನು ಬೇರ್ಪಡಿಸದಿರುವುದರಿಂದ.

ತತ್ತ್ವಶಾಸ್ತ್ರದ ಕಡೆಯಿಂದ ಹೆಲೆನ್ ನಿಸೆನ್‌ಬಾಮ್ ಅವರು ೧೯೯೫ರ ಲೇಖನವೊಂದರಲ್ಲಿ ನೆರೆಯವನ ತಂತ್ರಾಂಶವನ್ನು ಪ್ರತಿ ಮಾಡಬಹುದೆ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಆಪ್ತರಿಗೆ ಖಾಸಗಿಯಾಗಿ ಮಾಡಿಕೊಡುವ ಪ್ರತಿ ಎಲ್ಲ ಸಂದರ್ಭಗಳಲ್ಲಿಯೂ ಅನೀತಿಯೆಂದು ಸಾರಲು ಬರುವುದಿಲ್ಲವೆಂದು ತೋರಿಸಿದ್ದಾರೆ. ಒಡೆತನದ ಹಕ್ಕು ಎಷ್ಟು ದೂರ ಚಾಚಬೇಕೆಂಬುದು ಮೊದಲೇ ತೀರ್ಮಾನವಾದ ವಿಷಯವಲ್ಲವೆಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅವರ ವಾದದ ಬಲವಿರುವುದು ಸ್ನೇಹದಲ್ಲಿ, ಖಾಸಗಿ ಬಾಳಿನಲ್ಲಿ. ಸಂಸ್ಥೆಯೊಂದಕ್ಕೆ ಈ ರಕ್ಷಣೆ ದೊರೆಯದು. ಕಾಲೇಜು ಯಾರ ಸ್ನೇಹಿತನೂ ಅಲ್ಲ. ಮೇಜು ಕುರ್ಚಿಗಳಿಗೆ ರಶೀದಿ ಪಡೆದು ಹಣ ಕೊಡುವ, ಲೆಕ್ಕಪರಿಶೋಧನೆಗೆ ಒಳಪಡುವ ಒಂದು ವ್ಯವಸ್ಥೆ ಅದು.

೬

ಕಾನೂನು ನೀತಿಯ ಕೊನೆಯ ಮಾತಲ್ಲ. ಆದರೂ ನಮ್ಮ ದೇಶದ ಶಾಸನ ಈ ಭೇದವನ್ನು ಒಂದು ಮಟ್ಟಿಗೆ ಗುರುತಿಸಿದೆಯೆಂಬುದನ್ನು ಬಹುಮಂದಿ ಅರಿಯರು. ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೮೪ರಲ್ಲಿ ಬಂದ ತಿದ್ದುಪಡಿ ಗಣಕ ಕ್ರಮವಿಧಿಯನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿತು. ೧೯೯೪ರ ತಿದ್ದುಪಡಿ, ಅಕ್ರಮ ಪ್ರತಿಯನ್ನು ಅರಿತೂ ಗಣಕದಲ್ಲಿ ಬಳಸುವವನಿಗೆ ೭ ದಿನಗಳಿಗೆ ಕಡಮೆಯಿಲ್ಲದಂತೆ ೩ ವರ್ಷಗಳವರೆಗೆ ಸೆರೆವಾಸವನ್ನೂ ೫೦,೦೦೦ ರೂಪಾಯಿಗಳಿಗೆ ಕಡಮೆಯಿಲ್ಲದಂತೆ ೨ ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿತು. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದಲ್ಲಿ ಸೆರೆವಾಸವನ್ನು ಬಿಡಬಹುದೆಂದೂ ಹೇಳಿತು. ೧೯೯೯ರ ತಿದ್ದುಪಡಿಯಾದರೋ, ತಾನು ನ್ಯಾಯವಾಗಿ ಪಡೆದ ಪ್ರತಿಯಿಂದ ವಾಣಿಜ್ಯೇತರವಾದ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲವೆಂದು ತಿಳಿಸಿತು. ಒಬ್ಬನೇ ಮನುಷ್ಯ, ಎರಡು ಯಂತ್ರ ಎಂಬ ಸಂದರ್ಭವನ್ನು ಸಂಸ್ಥೆಯ ಇಪ್ಪತ್ತು ಯಂತ್ರಗಳಿಂದ ಬೇರ್ಪಡಿಸುವುದಕ್ಕೆ ಇಲ್ಲಿ ಆಧಾರವಿದೆ.

ಪರವಾನಗಿಯ ಸ್ವರೂಪದ ಬಗೆಗೂ ಒಂದು ಮಾತು. ನಾವು ನಿಮಗೆ ತಂತ್ರಾಂಶವನ್ನು ಮಾರಿಲ್ಲ, ಬಳಸುವ ಅನುಮತಿಯನ್ನು ಮಾತ್ರ ಕೊಟ್ಟಿದ್ದೇವೆ ಎಂದು ಸಂಸ್ಥೆಗಳು ಪರವಾನಗಿ ಪತ್ರದಲ್ಲಿ ಬರೆಯುತ್ತವೆ. ಆದರೆ ತೆರಿಗೆಯ ಪ್ರಶ್ನೆ ಬಂದಾಗ ಅದೇ ವ್ಯವಹಾರವನ್ನು, ಪುಸ್ತಕದ ಪ್ರತಿಯನ್ನು ಮಾರಿದಂತೆ ಎಂದು ಸಮರ್ಥಿಸಲಾಯಿತು. ವಿದೇಶಿ ಸಂಸ್ಥೆಗಳಿಗೆ ತಂತ್ರಾಂಶಕ್ಕಾಗಿ ಕೊಡುವ ಹಣ ರಾಯಧನವೆಂದು ಕರ್ನಾಟಕ ಉಚ್ಚ ನ್ಯಾಯಾಲಯ ೨೦೧೧ರಲ್ಲಿ ಎತ್ತಿಹಿಡಿದಿತ್ತು. ೨೦೨೧ರ ಮಾರ್ಚಿ ೨ರಂದು ಸರ್ವೋಚ್ಚ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿ, ಬಳಸುವವನಿಗೆ ಸಿಗುವುದು ಕೃತಿಸ್ವಾಮ್ಯವಲ್ಲ, ಕೃತಿಯ ಒಂದು ಪ್ರತಿ ಮಾತ್ರ, ಆದ್ದರಿಂದ ಅದು ರಾಯಧನವಲ್ಲ ಎಂದು ತೀರ್ಮಾನಿಸಿತು. ಬಳಕೆದಾರನ ಮುಂದೆ ಒಂದು ಮುಖ, ತೆರಿಗೆಯವರ ಮುಂದೆ ಇನ್ನೊಂದು ಎಂಬ ಆಕ್ಷೇಪಣೆಗೆ ಇಲ್ಲಿ ಎಡೆಯಿದೆ. ಆದರೆ ಈ ಆಕ್ಷೇಪಣೆಯಿಂದ ಇಪ್ಪತ್ತು ಪ್ರತಿಗಳು ಸಮರ್ಥಿತವಾಗುವುದಿಲ್ಲ. ಪುಸ್ತಕವನ್ನು ಕೊಂಡವನು ಅದನ್ನು ಓದಬಹುದು, ಎರವು ಕೊಡಬಹುದು, ಮಾರಬಹುದು, ಅಚ್ಚುಹಾಕಲಾರ. ತಂತ್ರಾಂಶವನ್ನು ಪುಸ್ತಕವೆಂದೇ ಒಪ್ಪಿಕೊಂಡರೂ ನಮ್ಮ ಗಣಕ ಕೊಠಡಿಯ ಕೆಲಸ ಓದುವುದಕ್ಕಿಂತ ಅಚ್ಚುಹಾಕುವುದಕ್ಕೇ ಹತ್ತಿರವಾಗಿದೆ.

ಇಂಥ ಚರ್ಚೆಗಳಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ನಿದರ್ಶನವನ್ನು ತರುವುದು ಕನ್ನಡಿಗರಿಗೆ ಸಹಜ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು ಪೂಜ್ಯಳೆನಿಸಿರುವಾಗ ಪ್ರತಿ ಮಾಡುವುದು ಪಾಪವೆಂತಾದೀತು ಎಂಬುದು ವಾದ. ನಿದರ್ಶನ ಸುಂದರವಾದದ್ದು, ಆದರೆ ಅದರ ಹಿನ್ನೆಲೆಯನ್ನು ಬಿಟ್ಟು ಹೇಳುವಂತಿಲ್ಲ. ಶಾಂತಿಪುರಾಣವನ್ನು ಬರೆಯಿಸಿದವರು ಮಲ್ಲಪಯ್ಯ, ಪುನ್ನಮಯ್ಯ ಎಂಬ ಸಹೋದರರು. ಅತ್ತಿಮಬ್ಬೆ ಆ ಮಲ್ಲಪಯ್ಯನ ಮಗಳು. ಕವಿಯ ಪೋಷಣೆಯನ್ನು ಕಾವ್ಯ ಹುಟ್ಟುವ ಮೊದಲೇ ಆ ಮನೆತನ ಹೊತ್ತಿತ್ತು. ಪ್ರತಿಗಳಿಂದ ಕವಿಗೆ ಬರಬೇಕಾಗಿದ್ದ ಜೀವನೋಪಾಯ ಯಾವುದೂ ಇರಲಿಲ್ಲ. ಲಿಪಿಕಾರರ ವೆಚ್ಚವನ್ನು ಹಂಚಿದವಳೇ ಕೊಟ್ಟಳು. ಈ ನಿದರ್ಶನ ನಮಗೆ ಕಲಿಸುವುದು ಬೇರೆಯದನ್ನು. ಮಾಡಿದವನಿಗೆ ಮೊದಲೇ ಸಂದಾಯವಾಗಿರುವಲ್ಲಿ ಪ್ರತಿ ದಾನವಾಗುತ್ತದೆ, ಸಂದಾಯವಾಗದಿರುವಲ್ಲಿ ಆಗುವುದಿಲ್ಲ.

ಕನ್ನಡ ತಂತ್ರಾಂಶದ ಚರಿತ್ರೆಯಲ್ಲಿ ಮೊದಲ ಬಗೆಗೂ ಮೇಲ್ಪಂಕ್ತಿಗಳಿವೆ. ಕೆ. ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೂ 'ಸೇಡಿಯಾಪು' ತಂತ್ರಾಂಶವನ್ನೂ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ರಾಜ್ಯ ಸರ್ಕಾರದ ಬೆಂಬಲದಿಂದ ಉಚಿತವಾಗಿ ಹಂಚಲ್ಪಟ್ಟಿತು. ಅವನ್ನು ಸಾವಿರ ಯಂತ್ರಗಳಲ್ಲಿ ಹಾಕಿಕೊಂಡರೂ ಯಾರ ಋಣವೂ ಉಳಿಯದು.

೭

ಇಲ್ಲಿಗೆ ನನ್ನದೇ ಒಂದು ಮಾತನ್ನು ಹೇಳಬೇಕಾಗಿದೆ. ನಾನು ಅಧ್ಯಾಪಕ ವೃತ್ತಿಗೆ ಸೇರಿದ ಮೊದಲ ವರ್ಷ, ಆಗ ಕೆಲಸ ಮಾಡುತ್ತಿದ್ದ ಕಾಲೇಜು ಕನ್ನಡದಲ್ಲಿ ಪುಟವಿನ್ಯಾಸ ಮಾಡುವ ತಂತ್ರಾಂಶವೊಂದನ್ನು ಕೊಂಡಿತು. ತಯಾರಿಸಿದವರು ನಮ್ಮ ನಾಡಿನವರೇ ಆದ ಸಣ್ಣ ಉದ್ಯಮಿ. ಕೊಂಡದ್ದು ಒಂದು ಪ್ರತಿ; ಪ್ರಾಂಶುಪಾಲರ ಅಪ್ಪಣೆಯಂತೆ ಅದನ್ನು ಗಣಕ ಕೊಠಡಿಯ ೧೪ ಯಂತ್ರಗಳಲ್ಲಿ ಸ್ಥಾಪಿಸಿದವನು ನಾನು. ಅದರಲ್ಲಿ ನನಗೆ ಯಾವ ಅಳುಕೂ ತೋರಲಿಲ್ಲ. ಸಂಸ್ಥೆಗೆ ಉಳಿತಾಯ ಮಾಡಿಕೊಟ್ಟ ತೃಪ್ತಿಯೇ ಇತ್ತು. ಕೆಲವು ದಿನಗಳ ಮೇಲೆ ಸಂಚಿಕೆಯೊಂದರ ಕರಡಿನಲ್ಲಿ ಒತ್ತಕ್ಷರಗಳು ಚದುರಿಹೋದವು. ಪೆಟ್ಟಿಗೆಯ ಮೇಲಿದ್ದ ಸಂಖ್ಯೆಗೆ ದೂರವಾಣಿ ಮಾಡಿದೆ. ಎತ್ತಿಕೊಂಡವರು ತಯಾರಕರೇ. ಅರ್ಧ ಗಂಟೆ ತಾಳ್ಮೆಯಿಂದ ಹೇಳಿಕೊಟ್ಟು ದೋಷವನ್ನು ಸರಿಪಡಿಸಿಸಿದರು. ಕೊನೆಯಲ್ಲಿ ಪ್ರತಿಯ ಕ್ರಮಸಂಖ್ಯೆಯನ್ನು ಕೇಳಿದರು, ಹೇಳಿದೆ. "ಇದೇ ನಂಬರು ಹೇಳಿ ನಿಮ್ಮ ಕಾಲೇಜಿನಿಂದಲೇ ಈ ತಿಂಗಳು ಇನ್ನಿಬ್ಬರು ಮೇಷ್ಟರು ಫೋನು ಮಾಡಿದ್ದರು, ಸಾರ್," ಎಂದರು. ಅಷ್ಟೆ. ದೂರಲಿಲ್ಲ, ಹಣ ಕೇಳಲಿಲ್ಲ, ನಮಸ್ಕಾರ ಹೇಳಿ ಇಟ್ಟುಬಿಟ್ಟರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ೧೯೭೬ರ ಪತ್ರವನ್ನು ನಾನು ಮೊದಲು ಓದಿದ್ದು ಅದಾದ ಕೆಲವು ವರ್ಷಗಳ ಮೇಲೆ. ಅದರ ಅಂಕಿಗಳ ಸಡಿಲು, ಅದರ ಮೌನಗಳು, ಲೇಖಕರ ಮುಂದಿನ ಸಂಪತ್ತು ಎಲ್ಲವೂ ಕಣ್ಣಿಗೆ ಬಿದ್ದವು. ಆದರೆ ಆ ಪತ್ರದಲ್ಲಿ ನನಗೆ ಮತ್ತೆ ಕೇಳಿಬಂದದ್ದು ದೂರವಾಣಿಯ ಆ ಧ್ವನಿಯೇ. ದೊಡ್ಡ ಸಂಸ್ಥೆಗಳ ದುರಾಶೆಯನ್ನು ನೆನೆದು ನಾವು ಮಾಡಿಕೊಳ್ಳುವ ಸಮರ್ಥನೆ, ನಮ್ಮ ಕೈಯಿಂದ ನಿಜವಾಗಿ ನಷ್ಟಹೊಂದುವ ಸಣ್ಣವನಿಗೆ ಅನ್ವಯಿಸುವುದಿಲ್ಲ. ಆ ಉದ್ಯಮಿಯ ತಂತ್ರಾಂಶ ಈಗ ಮಾರುಕಟ್ಟೆಯಲ್ಲಿಲ್ಲ. ಕಾರಣ ನಾವೇ ಎಂದು ಸಾಧಿಸುವ ಆಧಾರ ನನ್ನಲ್ಲಿಲ್ಲ. ಸಾಧಿಸಲು ಹೊರಟರೆ ಪತ್ರದ ದೋಷವನ್ನೇ ನಾನೂ ಮಾಡಿದಂತಾಗುತ್ತದೆ. ನಮ್ಮಿಂದ ಅವರಿಗೆ ಸಲ್ಲಬೇಕಾಗಿದ್ದ ೧೩ ಪ್ರತಿಗಳ ಹಣ ಸಲ್ಲಲಿಲ್ಲವೆಂಬುದು ಮಾತ್ರ ಸಾಧಿತವಾದ ಸಂಗತಿ.

ಬಡತನದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಡಾಲರಿನಲ್ಲಿ ನಿರ್ಧಾರವಾದ ಬೆಲೆಯನ್ನು ಗ್ರಾಮಾಂತರದ ಕಾಲೇಜೊಂದು ತೆರಲಾರದೆಂಬುದು ನಿಜ. ಬೆಲೆಯನ್ನು ನಾಡಿನ ಶಕ್ತಿಗೆ ತಕ್ಕಂತೆ ಇಡದ ಮಾರಾಟಗಾರನೂ ಈ ಅಕ್ರಮದಲ್ಲಿ ಪಾಲುದಾರನೆಂದು ಹೇಳಬಹುದು. ಆದರೆ ಬೇರೆ ದಾರಿಯಿಲ್ಲದಾಗ ಮಾತ್ರ ಆ ವಾದ ನಿಲ್ಲುತ್ತದೆ. ನೆರೆಯ ಕೇರಳ ರಾಜ್ಯ ತನ್ನ ಶಾಲೆಗಳ ಗಣಕ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿ ತೋರಿಸಿದೆ. ಇತಿಹಾಸದ ವಿದ್ಯಾರ್ಥಿಗೆ ಬೇಕಾಗುವ ಬರವಣಿಗೆ, ಕೋಷ್ಟಕ, ನಕ್ಷೆ ಇವೆಲ್ಲಕ್ಕೂ ಹಂಚಲು ಅನುಮತಿಯಿರುವ ತಂತ್ರಾಂಶಗಳಿವೆ. ದಾರಿಯಿದ್ದೂ ಹಿಡಿಯದಿರುವುದಕ್ಕೆ ಬಡತನವಲ್ಲ, ಅಭ್ಯಾಸ ಕಾರಣ.

ಕಾಲ ಬದಲಾದಂತೆ ಪ್ರಶ್ನೆಯ ರೂಪವೂ ಬದಲಾಗುತ್ತಿದೆ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಗುರುತಿಸಿ ಪರವಾನಗಿಯನ್ನು ಅದಕ್ಕೆ ಕಟ್ಟುವ ಪದ್ಧತಿಯನ್ನು ಮನೆಮನೆಗೆ ತಂದಿತು. ೨೦೧೩ರಿಂದ ಅಡೋಬಿಯಂಥ ಸಂಸ್ಥೆಗಳು ಮಾರಾಟವನ್ನು ಬಿಟ್ಟು ಚಂದಾಕ್ಕೆ ತಿರುಗಿದವು. ಪ್ರತಿ ಮಾಡುವುದು ಕಷ್ಟವಾದಂತೆ ಒಬ್ಬರ ಗುಪ್ತಪದವನ್ನು ಹತ್ತು ಮಂದಿ ಬಳಸುವುದು ರೂಢಿಗೆ ಬಂದಿದೆ. ಬೀಗ ಹೆಚ್ಚಿದ ಮಾತ್ರಕ್ಕೆ ವಿವೇಕ ಹೆಚ್ಚುವುದಿಲ್ಲ.

ಒಟ್ಟಿನಲ್ಲಿ ನನಗೆ ತೋರುವುದು ಇಷ್ಟು. ಒಬ್ಬನೇ ತನ್ನ ಎರಡು ಯಂತ್ರಗಳಲ್ಲಿ ತಾನೇ ಬಳಸುವುದು ನೀತಿಗೆ ವಿರುದ್ಧವಲ್ಲ. ಅದನ್ನು ನಿಷೇಧಿಸುವ ಪರವಾನಗಿಯೇ ಅತಿರೇಕದ್ದು. ಸಂಸ್ಥೆಯೊಂದು ಒಂದು ಪ್ರತಿಯಿಂದ ಹಲವರ ಕೆಲಸವನ್ನು ಏಕಕಾಲಕ್ಕೆ ನಡೆಸಿಕೊಳ್ಳುವುದು ಅನ್ಯಾಯ. ಅದಕ್ಕೆ ಕಳ್ಳತನವೆಂಬ ಹೆಸರು ಒಪ್ಪದಿದ್ದರೆ, ಕೊಡಬೇಕಾದ ಕೂಲಿಯನ್ನು ಕೊಡದೆ ಉಳಿಸಿಕೊಂಡದ್ದು ಎಂಬ ಹೆಸರು ಒಪ್ಪುತ್ತದೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಹೆಸರು ಹೇಳದೆ ಎತ್ತಿದ ಒಂದು ಪುಟವನ್ನು ನಾವು ಕ್ಷಮಿಸುವುದಿಲ್ಲ. ಆ ಪ್ರಬಂಧವನ್ನು ಅವನು ಬೆರಳಚ್ಚು ಮಾಡಿದ ಯಂತ್ರದಲ್ಲಿರುವುದನ್ನು ನಾವು ಹೇಗೆ ಪಡೆದೆವೆಂದು ಅವನು ಕೇಳಿದರೆ ಹೇಳುವುದಕ್ಕೆ ನಮ್ಮಲ್ಲಿ ಉತ್ತರವಿರಬೇಕು. ಪ್ರತಿಯೊಂದು ವಿಭಾಗವೂ ತನ್ನ ಯಂತ್ರಗಳಲ್ಲಿರುವ ತಂತ್ರಾಂಶಗಳ ಪಟ್ಟಿಯೊಂದನ್ನು ಮಾಡಿ, ಯಾವುದಕ್ಕೆ ಹಣ ಕೊಟ್ಟಿದೆ, ಯಾವುದು ಮುಕ್ತವಾದದ್ದು, ಯಾವುದು ಎರಡೂ ಅಲ್ಲ ಎಂದು ಬರೆದಿಟ್ಟರೆ ಆ ಉತ್ತರದ ಮೊದಲ ಸಾಲು ಸಿದ್ಧವಾದಂತೆ.